ಅಕ್ಕನ ಕೊತ್ತಂಬರಿ ನೀರು

ಕೊತ್ತಂಬರಿ ಬೀಜವನ್ನು ಜಜ್ಜಿ ಒಂದು ಲೋಟ ನೀರಿನಲ್ಲಿ ನೆನೆಹಾಕಿ ಮಲಗಿದರೆ, ಬೆಳಗಾಗುವ ಹೊತ್ತಿಗೆ ನೀರು ತೆಳುವಾದ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಸೋಸಿ ಕಲ್ಲುಸಕ್ಕರೆ ಕದಡಿದರೆ ಅದೇ ಔಷಧ. ಆಯುರ್ವೇದದಲ್ಲಿ ಈ ಬೀಜಕ್ಕೆ ಧಾನ್ಯಕವೆಂದೂ, ಹೀಗೆ ತಣ್ಣೀರಿನಲ್ಲಿ ಇಳಿಸಿದ ಸಾರಕ್ಕೆ ಹಿಮವೆಂದೂ ಹೆಸರು. ಬೇಸಿಗೆಯಲ್ಲಿ ರೊಟ್ಟಿಯ ಹಂಚಿನಂತೆ ಕಾಯುವ ನಮ್ಮ ದಾವಣಗೆರೆಯವರಿಗೆ, ನೀವೇ ಹೇಳಿ, ಆ ಹೆಸರೇ ಅರ್ಧ ದಾಹ ತೀರಿಸುವುದಿಲ್ಲವೇ? ಆದರೆ ಈ ಸಲದ ಬೇಸಿಗೆಯಲ್ಲಿ ಅದೇ ಹಿಮ ನನ್ನ ಹೊಟ್ಟೆಯಲ್ಲಿ ಕೆಂಡ ಇಟ್ಟಿತು.

ಹರಿಹರದಲ್ಲಿರುವ ನನ್ನ ಅಕ್ಕ ಗಿರಿಜಾ, ಥೈರಾಯ್ಡ್ ಗ್ರಂಥಿ ಸೋಮಾರಿಯಾದಾಗಿನಿಂದ, ವರ್ಷಗಟ್ಟಲೆ ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತಿದ್ದವಳು. ಇತ್ತೀಚೆಗೆ ಫೋನಿನಲ್ಲಿ ಅವಳ ದನಿ ದಪ್ಪಗಾಗುತ್ತ, ಮಾತು ಕಾಲೆಳೆಯುತ್ತ ಬಂದಿತ್ತು. ಕೇಳಿದರೆ "ಏನಿಲ್ಲ, ಸುಸ್ತು" ಅನ್ನುವಳು. ಎಸ್.ಎಸ್. ಬಡಾವಣೆಯ ನನ್ನ ಮನೆಯಲ್ಲಿ ನನಗೆ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ, ಒಗ್ಗರಣೆ ಸೀದದ್ದೂ ತಿಳಿಯದೆ, ಒಂದು ಬೆಳಿಗ್ಗೆ ಅರ್ಧ ಅಡುಗೆ ಬಿಟ್ಟು ಹರಿಹರದ ಬಸ್ಸು ಹತ್ತಿದೆ.

ಬಾಗಿಲು ತೆರೆದ ಅಕ್ಕನ ಮುಖ ಬಾತಿತ್ತು. ಅಂಥ ಸೆಕೆಯಲ್ಲೂ ಮೈಮೇಲೆ ಶಾಲು.

"ಮಾತ್ರೆ ತಗೊಳ್ತಿದ್ದೀಯೇನೆ?"

"ಬಿಟ್ಟೀನಿ. ಕೊತ್ತಂಬರಿ ನೀರು ಕುಡಿದ್ರೆ ಥೈರಾಯ್ಡ್ ಬುಡಸಮೇತ ಹೋಗ್ತೈತೆ ಅಂತ ಮೊಬೈಲ್‌ನಾಗೆ ಬಂದಿತ್ತು."

"ಯಾರನ್ನ ಕೇಳಿ ಬಿಟ್ಟೆ?" ಎಂದು ಕಿರುಚಿದೆ.

ಅಕ್ಕ ಕಿರುಚಲಿಲ್ಲ. "ಡಾಕ್ಟ್ರು ಬರೀತಾರೆ, ನಿಮ್ಮ ಭಾವ ತರ್ತಾರೆ, ನಾನು ನುಂಗ್ತೀನಿ. ಸಾಯೋತನಕ ಅಂತೆ. ನನ್ನ ಮೈಗೆ ಅಂತ ನಾನೇ ಏನಾದ್ರೂ ಮಾಡ್ಕೊಂಡಿದ್ದು ಇದೊಂದೇ ನೋಡು," ಎಂದಳು.

ದನಿ ತಗ್ಗಿಸಿ, ಡಾಕ್ಟರನ್ನು ನೋಡಿ ಬರೋಣವೆಂದೆ. ಮಾತ್ರೆ ಬರೆದ ಡಾಕ್ಟರ ಹತ್ತಿರ ಬರಲು ಅವಳು ಸುತರಾಂ ಒಪ್ಪಲಿಲ್ಲ. "ಹಂಗಾದ್ರೆ ಕೊತ್ತಂಬರಿ ಬಲ್ಲೋರನ್ನೇ ಕೇಳೋಣ ಬಾ" ಎಂದು ದಾವಣಗೆರೆಯ ಕೆ.ಬಿ. ಬಡಾವಣೆಯ ಆಯುರ್ವೇದ ವೈದ್ಯೆಯೊಬ್ಬರಲ್ಲಿಗೆ ಕರೆತಂದೆ. ಬಯಲು ಓಡುವುದನ್ನೇ ನೋಡಬೇಕೆಂಬಂತೆ ಬಸ್ಸಿನ ಕಿಟಕಿಗೆ ತಲೆಯಾನಿಸಿದ ಅಕ್ಕ ದಾರಿಯುದ್ದಕ್ಕೂ ತೂಕಡಿಸಿದಳು. ಅವಳು ಉಸಿರಾಡುತ್ತಿದ್ದಾಳೆಯೇ ಎಂದು ನಾನು ಮತ್ತೆ ಮತ್ತೆ ನೋಡುತ್ತಿದ್ದೆ.

ವೈದ್ಯೆ ಅಕ್ಕನ ನಾಡಿ ಹಿಡಿದು, ಊದಿದ ಪಾದಗಳನ್ನು ಒತ್ತಿ ನೋಡಿ, ಸಾವಧಾನವಾಗಿ ಎಲ್ಲ ಕೇಳಿಸಿಕೊಂಡರು.

"ಧಾನ್ಯಕ ಒಳ್ಳೇದೇ ರೀ. ಬಾಯಾರಿಕೆ, ಮೈಯುರಿ, ಅಜೀರ್ಣ, ಇದಕ್ಕೆಲ್ಲ ನಾನೇ ಕೊಡ್ತೀನಿ. ಆದ್ರೆ ನಿಮ್ಮ ಗ್ರಂಥಿ ಮಾಡ್ಬೇಕಾದ ಕೆಲಸ ಆ ಮಾತ್ರೆ ಮಾಡ್ತಿತ್ತು. ಅದನ್ನ ಕೊತ್ತಂಬರಿ ಮಾಡಲ್ಲ. ಇವತ್ತೇ ರಕ್ತ ಪರೀಕ್ಷೆ ಮಾಡ್ಸಿ, ನಿಮ್ಮ ಡಾಕ್ಟ್ರನ್ನ ನೋಡ್ರಿ. ತಡ ಮಾಡಬ್ಯಾಡ್ರಿ."

ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. ಅವರ ಮೇಜಿನ ಮೇಲಿದ್ದ ನೀರನ್ನಷ್ಟೂ ನಾನೇ ಕುಡಿದು ಮುಗಿಸಿದ್ದೆ; ಕಾಲು ತಾನಾಗಿ ಅಲುಗುತ್ತಿತ್ತು. "ಉರಿ ಇರೋದು ಇವರಿಗೆ. ನಿಮ್ಮ ಕೊತ್ತಂಬರಿ ನೀರು ಇವರಿಗೆ ಕುಡಿಸ್ರಿ" ಎಂದರು.

ಅಕ್ಕ ನಕ್ಕಳು. ಬಾತ ಮುಖದಲ್ಲಿ ಆ ನಗು ದಾರಿ ಹುಡುಕಿಕೊಂಡು ಬರಲು ಸ್ವಲ್ಪ ಹೊತ್ತೇ ಹಿಡಿಯಿತು.

ಅಂದೇ ಅವಳ ಹಳೆಯ ಡಾಕ್ಟರನ್ನು ಕಂಡೆವು. ಮಾತ್ರೆ ಮತ್ತೆ ಶುರುವಾಯಿತು. ಚೇತರಿಸಿಕೊಳ್ಳುವ ತನಕ ಅಕ್ಕ ನನ್ನ ಮನೆಯಲ್ಲೇ ಉಳಿದಳು. ವಾರಗಳು ಕಳೆದಂತೆ ಬಾವು ಇಳಿಯಿತು, ಶಾಲು ಮಂಚದ ಮೇಲೆ ಉಳಿಯಿತು, ಮಾತಿಗೆ ಹಳೆಯ ಚುರುಕು ಬಂತು. ಬೆಳಿಗ್ಗೆ ತನ್ನ ಮಾತ್ರೆ ನುಂಗಿದ ಮೇಲೆ, ನನ್ನ ಪಾಲಿನ ಹಿಮವನ್ನು ಅವಳೇ ಸೋಸಿ ತಂದು, ಕುಡಿದು ಮುಗಿಸುವವರೆಗೆ ಎದುರು ನಿಲ್ಲುತ್ತಿದ್ದಳು.

ನನ್ನ ಚಡಪಡಿಕೆ ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಕಳೆದುಕೊಂಡೇನೆಂದು ಹೆದರಲು ಅಕ್ಕನೊಬ್ಬಳಿರುವವರೆಗೆ ಅದಕ್ಕೆ ಮದ್ದಿಲ್ಲವೆಂದೇ ತೋರುತ್ತದೆ. ಹರಿಹರಕ್ಕೆ ಹೊರಟು ನಿಂತ ಬೆಳಿಗ್ಗೆ ಅವಳು ಸೆರಗು ಸರಿಮಾಡಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದಳು:

"ಮಾತ್ರೆ ಬಿಡಲ್ಲ ಬಿಡು. ಆದ್ರೆ ಬ್ಯಾಸರ ಆದಾಗ ಹೇಳ್ತೀನಿ. ಬೈಬ್ಯಾಡ."

"ಬೈಯಲ್ಲ" ಎಂದೆ. ಅವಳು ಹಾಸಿಗೆಯ ಅಂಚಿನಲ್ಲಿ ಕೂತು, ತನ್ನ ಬ್ಯಾಸರವನ್ನು ಆಗಲೇ ಹೇಳತೊಡಗಿದಳು. ಹರಿಹರದ ಬಸ್ಸು ತಪ್ಪಿತು.