ಕಣ್ಣು ತೆರೆದಿರಬೇಕಾದವಳು

…ಅಂದು ಹೊಳೆಯ ಪಾಲಾದ ಆ ಗೋಣಿಚೀಲದಲ್ಲಿ ಇದ್ದದ್ದು ಹೊಂಗೆ ಸಸಿಗಳೇ ಇರಬೇಕು. ಅಥವಾ ಇಷ್ಟು ವರ್ಷ ನಾನು ಹಾಗೆ ಹೇಳಿಕೊಂಡು ಬಂದದ್ದರಿಂದ ಅವು ಹೊಂಗೆಯಾದವೋ ಏನೋ. ಬೇವಿನವೂ ಇರಬಹುದು. ಕಳೆದ ವಾರ ಪಕ್ಕದ ಮನೆಯವರು ನೆನೆದ ಗೋಣಿಚೀಲವೊಂದನ್ನು ನಮ್ಮಿಬ್ಬರ ನಡುವಿನ ಕಾಂಪೌಂಡಿನ ಮೇಲೆ ಒಣಹಾಕಿದ್ದರು. ನಾರು, ಕೆಸರು, ಸ್ವಲ್ಪ ಹುಳಿ ಬೆರೆತ ಆ ವಾಸನೆ ಅಡುಗೆಮನೆಯ ಕಿಟಕಿಯಿಂದ ಬಂದಾಗ ನನಗೆ ಸಸಿ ನೆನಪಾಗಲಿಲ್ಲ, ಹೊಳೆಯೂ ನೆನಪಾಗಲಿಲ್ಲ. ಸೌಟು ಕೆಳಗಿಟ್ಟು ಕಿಟಕಿ ಮುಚ್ಚಿದೆ. ಮೈ ಮೊದಲು ಹೆದರಿತು, ಕಾರಣ ಆಮೇಲೆ ಬಂತು.

ಆ ಸಸಿಗಳನ್ನು ತರಿಸಿದವರನ್ನು ನಾವೆಲ್ಲ ದೊಡ್ಡ ಟೀಚರ್ ಎನ್ನುತ್ತಿದ್ದೆವು. ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ನಾಗಮಂಗಲದ ಕಡೆಯವಳು, ಶಾಲೆಯ ಕೆಲಸಕ್ಕೆಂದು ಕೆ.ಆರ್. ಪೇಟೆಗೆ ಬಂದು ಒಂಟಿಯಾಗಿ ರೂಮು ಮಾಡಿಕೊಂಡಿದ್ದೆ. ಅಲ್ಲಿನ ಚರ್ಚು ಚಿಕ್ಕದು. ಭಾನುವಾರ ಐವತ್ತು ಜನ ಸೇರಿದರೆ ಸಭೆಯ ಹಿರಿಯರ ಮುಖ ಅರಳುತ್ತಿತ್ತು. ದೊಡ್ಡ ಟೀಚರ್ ಸರ್ಕಾರಿ ಶಾಲೆಯಿಂದ ನಿವೃತ್ತರಾದ ಮೇಲೆ ಸಂಡೇ ಸ್ಕೂಲನ್ನು ವಹಿಸಿಕೊಂಡಿದ್ದರು. ತಿಂಗಳಿಗೊಂದು ಭಾನುವಾರ ಆರಾಧನೆ ಮುಗಿಸಿ ಮಕ್ಕಳನ್ನು ಊರ ಹೊರಗೆ ಕರೆದೊಯ್ಯುವುದು ಅವರು ಶುರುಮಾಡಿದ ಪದ್ಧತಿ. ಕೆರೆ ಏರಿಯ ಮೇಲೆ ಗಿಡ ನೆಡಿಸುತ್ತಿದ್ದರು, ಹೊಳೆದಂಡೆಯ ಕಸ ಆಯಿಸುತ್ತಿದ್ದರು, ಪಾಂಡವಪುರದ ಕುಂತಿಬೆಟ್ಟ ಹತ್ತಿಸಿ ಹಕ್ಕಿ ತೋರಿಸುತ್ತಿದ್ದರು. ಹೆಸರು ಗೊತ್ತಿಲ್ಲದ ಹಕ್ಕಿಗೆ ಮಕ್ಕಳೇ ಹೆಸರಿಡಬೇಕು. ನಮ್ಮಲ್ಲಿ ಹಾಗಾಗಿ ‘ಸೀಮೆಎಣ್ಣೆ ಅಜ್ಜಿ’ ಎಂಬ ಹಕ್ಕಿಯೂ ಇತ್ತು.

ಇದೆಲ್ಲ ಚರ್ಚಿನ ಕೆಲಸವಲ್ಲ ಎನ್ನುವವರೂ ಇದ್ದರು. ಸಭೆಯ ಹಿರಿಯರೊಬ್ಬರು, ದೊಡ್ಡ ಟೀಚರ್ ಅವರ ಹಳೆಯ ವಿದ್ಯಾರ್ಥಿಯೇ, ಒಮ್ಮೆ ಕೇಳಿದರು: “ಗಿಡ ನೆಡಕ್ಕೆ ಫಾರೆಸ್ಟ್‌ನೋರು ಅವ್ರಲ್ಲ ಟೀಚರ್, ನಮಗ್ಯಾಕೆ?”

“ದೇವ್ರು ನೆಟ್ಟ ಏದೆನ್ ತೋಟಕ್ಕೂ ಗಾರ್ಡು ಇರ್ಲಿಲ್ಲ ಕಣಯ್ಯ, ಅದುಕ್ಕೇ ಅಂಗಾಯ್ತು,” ಎಂದರು ಟೀಚರ್. ಮುಂದಿನ ತಿಂಗಳಿಂದ ಆ ಹಿರಿಯರೇ ಗುದ್ದಲಿ ಹಿಡಿದು ಬರತೊಡಗಿದರು.

ಅವರ ಒಂದು ನಿಯಮವನ್ನು ಇಲ್ಲಿ ಹೇಳಲೇಬೇಕು. ಕುಂತಿಬೆಟ್ಟದಲ್ಲಿ ಒಮ್ಮೆ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಮಗುವೊಂದು ಬಂಡೆಯ ಹಿಂದೆ ಹೋಗಿ ತಪ್ಪಿಸಿಕೊಂಡಿತ್ತಂತೆ. ಸಿಗಲು ಬಹಳ ಹೊತ್ತು ಹಿಡಿಯಿತಂತೆ. ಅಂದಿನಿಂದ ಬಯಲಿನಲ್ಲಿ ಪ್ರಾರ್ಥಿಸುವಾಗ ದೊಡ್ಡವರಲ್ಲಿ ಒಬ್ಬರು ಕಣ್ಣು ತೆರೆದೇ ಇರಬೇಕು. ಅದಕ್ಕೆ ಕಾವಲು ಎಂದು ಹೆಸರು. “ಎಲ್ರೂ ಕಣ್ಮುಚ್ಚುದ್ರೆ ಅದು ಪ್ರಾರ್ಥನೆ ಅಲ್ಲ ಕಣ್ರೋ, ನಿದ್ದೆ,” ಎನ್ನುತ್ತಿದ್ದರು. ಯಾರ ಸರದಿ ಎಂದು ಎಲ್ಲೂ ಬರೆದಿಡುತ್ತಿರಲಿಲ್ಲ. ಪ್ರಾರ್ಥನೆಗೆ ಮೊದಲು ಟೀಚರ್ ಬಂದು ಭುಜ ಮುಟ್ಟಿದರೆ ಅವತ್ತಿನ ಕಾವಲು ನಮ್ಮದು.

ಆ ಭಾನುವಾರ ಅವರು ನನ್ನ ಭುಜ ಮುಟ್ಟಿದರು.

ಅಕ್ಕಿಹೆಬ್ಬಾಳಿನ ಹತ್ತಿರ ಹೇಮಾವತಿಯ ದಂಡೆಯಲ್ಲಿ ಅರ್ಧದಷ್ಟು ಸಸಿ ನೆಟ್ಟಿದ್ದೆವು. ಊಟದ ಹೊತ್ತಾಯಿತೆಂದು ಹೊಳೆಯೊಳಗಿನ ಒಂದು ಚಪ್ಪಟೆ ಬಂಡೆಗೆ ಹೋದೆವು. ದಂಡೆಗೂ ಬಂಡೆಗೂ ನಡುವೆ ಮರಳು, ಪಾದ ಮುಳುಗುವಷ್ಟು ನೀರು. ಚಪ್ಪಲಿಗಳನ್ನೂ ಸಸಿಯ ಗೋಣಿಚೀಲವನ್ನೂ ಮರಳಿನ ಮೇಲೇ ಬಿಟ್ಟೆವು. ಹದಿನಾಲ್ಕು ಮಕ್ಕಳು, ದೊಡ್ಡವರೆಂದರೆ ಟೀಚರ್, ಆ ಹಿರಿಯರು, ನಾನು. ಬನ್ನು, ಬಾಳೆಹಣ್ಣು ಹಂಚಿಟ್ಟಾಗಿತ್ತು. ಊಟದ ಪ್ರಾರ್ಥನೆಯನ್ನು ಹಿರಿಯರು ಶುರುಮಾಡಿದರು. ಅವರ ಪ್ರಾರ್ಥನೆ ಉದ್ದ, ಎಲ್ಲರಿಗೂ ಗೊತ್ತು.

ಮರುದಿನ ಮೈಸೂರಿನ ಆಸ್ಪತ್ರೆಯಲ್ಲಿ ನನ್ನ ಅಪ್ಪನಿಗೆ ಹೊಟ್ಟೆಯ ಆಪರೇಷನ್ ಇತ್ತು. ಹಿರಿಯರು ಮಳೆಗೆ, ಬೆಳೆಗೆ, ಊಟಕ್ಕೆ ಸ್ತೋತ್ರ ಹೇಳಿ, ಇದ್ದಕ್ಕಿದ್ದಂತೆ, “ಕರ್ತನೇ, ನಮ್ಮ ಈ ಸಹೋದರಿಯ ತಂದೆಯನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ,” ಎಂದರು. ಅಪ್ಪನಿಗಾಗಿ ಬೇಡುವಾಗ ಮಗಳೇ ಕಣ್ಣು ತೆರೆದು ಆಚೀಚೆ ನೋಡುತ್ತ ನಿಂತರೆ ಆ ಪ್ರಾರ್ಥನೆ ಸಲ್ಲುತ್ತದೆಯೇ? ಸಲ್ಲದಿದ್ದರೆ ನಾಳೆ ಆ ಮೇಜಿನ ಮೇಲೆ ಅಪ್ಪ…

ಕಣ್ಣು ಮುಚ್ಚಿದೆ.

ಎಷ್ಟು ಹೊತ್ತು ಎಂದು ಕೇಳಿದರೆ ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಎರಡು ನಿಮಿಷ. ಹತ್ತು ನಿಮಿಷ. ದಂಡೆಯ ಕಡೆಯಿಂದ ಗಂಡಸಿನ ದನಿ ಕೇಳಿದ್ದಂತೂ ನಿಜ.

“ಯಾರ್ರಮ್ಮೋ ಅದು, ಕಣ್ಮುಚ್ಕೊಂಡು ಒಳೆ ಮಧ್ಯ ನಿಂತ್ಕಂಡಿದ್ದೀರಲ್ಲ. ನಿಮ್ ದೇವ್ರುಗೆ ಈಜು ಬತ್ತದಾ?”

ಎಮ್ಮೆ ಮೇಯಿಸಲು ಬಂದಿದ್ದ ಮುದುಕ. ಅವನ ಎಮ್ಮೆಗಳೆಲ್ಲ ಆಗಲೇ ನೀರು ಬಿಟ್ಟು ದಂಡೆ ಹತ್ತಿದ್ದವು. ನಾನು ಕಣ್ಣು ಬಿಟ್ಟೆ. ಮರಳು ಕಾಣಲಿಲ್ಲ. ಚಪ್ಪಲಿಗಳು ಕಾಣಲಿಲ್ಲ. ಕೆಂಪು ನೀರು ಸದ್ದಿಲ್ಲದೆ ಬಂಡೆಯ ಅಂಚಿಗೆ ಬಂದು ನಿಂತಿತ್ತು. ನಿಂತಿರಲಿಲ್ಲ, ಏರುತ್ತಿತ್ತು. ಗೋಣಿಚೀಲ ದೂರದಲ್ಲಿ ಒಮ್ಮೆ ಹೊರಳಿ ಹೋಯಿತು. ನಮ್ಮ ಕಡೆ ಒಂದು ಹನಿ ಬಿದ್ದಿರಲಿಲ್ಲ. ಹೊಳೆಯ ಮೇಲ್ಭಾಗದಲ್ಲಿ ಎಲ್ಲೋ ಜೋರು ಮಳೆಯಂತೆ, ಆಮೇಲೆ ಗೊತ್ತಾಯಿತು.

ಟೀಚರ್ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಏನಿತ್ತು ಎಂದು ಬರೆಯಲು ಕುಳಿತಾಗಲೆಲ್ಲ ಹೊಸದೇನನ್ನೋ ಸೇರಿಸುತ್ತೇನೆ, ಹಾಗಾಗಿ ಬರೆಯುವುದಿಲ್ಲ. ಅವರು ಸೆರಗು ಸಿಕ್ಕಿಸಿಕೊಂಡು ನೀರಿಗಿಳಿದರು. ಸೊಂಟದವರೆಗೆ ಬಂತು. ಮುದುಕ ಎಮ್ಮೆಗಳ ಹಗ್ಗ ಬಿಚ್ಚಿ, ಒಂದಕ್ಕೊಂದು ಗಂಟು ಹಾಕಿ ಎಸೆದ. ಹಿರಿಯರು ಅದರ ತುದಿ ಹಿಡಿದು ಬಂಡೆಯ ಮೇಲೆ ನಿಂತರು. ಟೀಚರ್ ನಡುನೀರಿನಲ್ಲಿ ನಿಂತು ಒಂದೊಂದೇ ಮಗುವನ್ನು ಹಗ್ಗ ಹಿಡಿಸಿ ದಾಟಿಸಿದರು.

“ಹಗ್ಗ ಬುಟ್ಟೋರ್ಗೆ ಬನ್ನು ಇಲ್ಲ ಕಣ್ರೋ,” ಎನ್ನುತ್ತಿದ್ದರು, ತರಗತಿಯಲ್ಲಿ ಹೇಳುವ ದನಿಯಲ್ಲೇ. ಅವರ ತುಟಿ ಮಾತ್ರ ಬಿಳಿಚಿತ್ತು.

ಕೊನೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಉಳಿದಳು. ಬಂಡೆಯ ಬಿರುಕಿಗೆ ಬೆರಳು ಸಿಕ್ಕಿಸಿಕೊಂಡು ಕುಳಿತವಳು ಏಳಲೊಲ್ಲಳು. ನಾನು ಅವಳನ್ನು ಬಿಡಿಸಿ ಬೆನ್ನಿಗೆ ಹಾಕಿಕೊಂಡು ಇಳಿದೆ. ನೀರು ಕಾಲನ್ನು ಎಳೆಯುವುದು ಎಂದರೇನೆಂದು ಆ ದಿನ ತಿಳಿಯಿತು. ಕಾಲಡಿಯ ಮರಳೇ ಜಾರಿ ಹೋಗುತ್ತದೆ. ಒಂದು ಹೆಜ್ಜೆ ತಪ್ಪಿತು. ಮೂಗಿನವರೆಗೆ ನೀರು, ಕುತ್ತಿಗೆಗೆ ಅವಳ ಉಗುರು. ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ಎತ್ತಿದರು.

ಯಾರೂ ಸಾಯಲಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತೇನೋ. ಆದರೆ ನನಗೆ ಅದು ಮೊದಲೇ ಗೊತ್ತಿರಲಿಲ್ಲ.

ಮೆಟಡೋರಿನಲ್ಲಿ ಮಕ್ಕಳು ಒದ್ದೆ ಬಟ್ಟೆಯಲ್ಲಿ, ಬರಿಗಾಲಲ್ಲಿ ಊರಿಗೆ ಬಂದರು. ಆ ಬರಿಗಾಲುಗಳೇ ಮನೆಮನೆಗೆ ಸುದ್ದಿ ಮುಟ್ಟಿಸಿದವು. ಮುಂದಿನ ಭಾನುವಾರ ಆರಾಧನೆಯ ನಂತರ ಎಲ್ಲರನ್ನೂ ಕೂರಿಸಿದರು. ಅಷ್ಟರಲ್ಲಿ ಅಪ್ಪನ ಆಪರೇಷನ್ ಮುಗಿದಿತ್ತು, ಗಂಜಿ ಕುಡಿಯುತ್ತಿದ್ದರು. ನನಗೆ ಅದರಿಂದ ಇನ್ನಷ್ಟು ಭಯವಾಗಿತ್ತು. ಅಪ್ಪನ ಜೀವಕ್ಕೆ ಬದಲಾಗಿ ಆ ಮಕ್ಕಳನ್ನು ನಾನೇ ಒಡ್ಡಿದ್ದೆನೋ ಎಂಬಂತೆ.

ಒಬ್ಬ ತಂದೆ ಎದ್ದು ನಿಂತು ಕೇಳಿದರು: “ಕಾವ್ಲು ಕಾವ್ಲು ಅಂತಿದ್ರಲ್ಲ. ಅವತ್ತು ಯಾರ್ದಿತ್ತು ಕಾವ್ಲು?”

ಏಳಬೇಕೆಂದು ಮುಂದಿನ ಬೆಂಚನ್ನು ಹಿಡಿದಿದ್ದೆ. ಕೆಲಸ, ಊರು, ಈ ಜನ, ಎಲ್ಲ ಅಲ್ಲಿಗೆ ಮುಗಿಯಿತು ಎನಿಸುತ್ತಿತ್ತು. ನಾನು ಬಾಯಿ ತೆರೆದೆನೇ? ತೆರೆದೆ ಎಂದು ಬಹಳ ಕಾಲ ನಂಬಿದ್ದೆ. ಇಲ್ಲ, ತೆರೆದಿರಲಿಲ್ಲ.

“ನಂದೇ ಇತ್ತು,” ಎಂದರು ದೊಡ್ಡ ಟೀಚರ್. “ವಯಸ್ಸಾಯ್ತಲ್ಲ, ಕಣ್ ಹತ್ಬುಡ್ತು.”

ಅಷ್ಟೇ. ಯಾರೂ ಕೂಗಾಡಲಿಲ್ಲ. ಮೇಷ್ಟ್ರಮ್ಮನಿಗೆ ವಯಸ್ಸಾಯಿತು ಎಂದು ಎಲ್ಲರೂ ಮರುಗಿದರು, ಅದು ಕೂಗಾಟಕ್ಕಿಂತ ಕೆಟ್ಟದಾಗಿತ್ತು. ಹೊರಸಂಚಾರ ನಿಂತಿತು. ಸಂಡೇ ಸ್ಕೂಲು ಬೇರೆಯವರ ಕೈಗೆ ಹೋಯಿತು. ದೊಡ್ಡ ಟೀಚರ್ ಕೊನೆಯ ಬೆಂಚಿನಲ್ಲಿ ಕೂರತೊಡಗಿದರು. ದಂಡೆಯಲ್ಲಿ ನಾವು ನೆಟ್ಟ ಸಸಿಗಳಿಗೆ ನೀರು ಹಾಕಲು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಅವರೊಂದಿಗೆ ಒಂಟಿಯಾಗಿ ಸಿಕ್ಕಿಕೊಳ್ಳದಂತೆ ತಿಂಗಳುಗಟ್ಟಲೆ ಓಡಾಡಿದೆ. ಕೊನೆಗೆ ನಾಗಮಂಗಲಕ್ಕೆ ವರ್ಗ ಮಾಡಿಸಿಕೊಂಡು ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರು. ಕೈಯಲ್ಲಿ ಸೊಪ್ಪಿನ ಚೀಲ.

“ನಿಮ್ಮಪ್ಪ ಎಂಗವ್ರೆ? ಉಂಡ್ಕೊಂಡು ತಿನ್ಕೊಂಡು ಓಡಾಡ್ತಾವ್ರಾ?”

“ಚೆನ್ನಾಗವ್ರೆ ಟೀಚರ್.”

“ಅಷ್ಟಾದ್ರೆ ಸಾಕು ಬುಡು,” ಎಂದು ಬಸ್ಸು ಹತ್ತಿಸಿದರು.

ಅಂದರೆ ಅವತ್ತು ನಾನೇಕೆ ಕಣ್ಣು ಮುಚ್ಚಿದೆನೆಂದು ಅವರಿಗೆ ಗೊತ್ತಿತ್ತು ಎಂದು ನಾನು ಒಂದು ಕಾಲದಲ್ಲಿ ತೀರ್ಮಾನಿಸಿದ್ದೆ. ಆದರೆ ಆ ಮಾತನ್ನು ನಮ್ಮ ಕಡೆ ಯಾರಾದರೂ ಯಾರಿಗಾದರೂ ಹೇಳುತ್ತಾರೆ.

ಕಳೆದ ವಾರ ಆ ವಾಸನೆ ಬಂದ ಸಂಜೆ, ಬೆನ್ನ ಮೇಲೆ ಹೊತ್ತಿದ್ದ ಆ ಹುಡುಗಿಗೆ ಫೋನು ಮಾಡಿದೆ. ಈಗ ಶ್ರೀರಂಗಪಟ್ಟಣದಲ್ಲಿದ್ದಾಳೆ, ಇಬ್ಬರು ಮಕ್ಕಳ ತಾಯಿ. ಎಲ್ಲ ಹೇಳಿಬಿಡಬೇಕೆಂದುಕೊಂಡೇ ಮಾಡಿದ್ದು. ಅವಳು ನಕ್ಕಳು.

“ನೀವಲ್ಲ ಅಕ್ಕ, ನನ್ನ ಹೊತ್ಕೊಂಡಿದ್ದು ಟೀಚರು. ನೀರು ಮೊಣಕಾಲ್ಗೂ ಇರ್ಲಿಲ್ವೇನೋ. ಪಾಪ, ಕಾವ್ಲು ಅವ್ರದೇ ಅಲ್ವಾ, ಅವ್ರೇ ಒಪ್ಕೊಂಡ್ರಲ್ಲ.”

ಹೆದರಿಕೆ ಅಷ್ಟು ವರ್ಷದ ಮೇಲೂ ಹಾಗೇ ಇತ್ತು. ಮಕ್ಕಳು ಚೆನ್ನಾಗಿದ್ದಾರಾ ಎಂದು ಕೇಳಿ ಫೋನು ಇಟ್ಟೆ.

ದೊಡ್ಡ ಟೀಚರ್ ತೀರಿಕೊಂಡು ಎಷ್ಟೋ ವರ್ಷವಾಯಿತು. ಸಮಾಧಿಯ ಹತ್ತಿರ ಎಲ್ಲರೂ ಪ್ರಾರ್ಥನೆಗೆ ತಲೆ ಬಾಗಿಸಿದಾಗ ನಾನೊಬ್ಬಳೇ ಕಣ್ಣು ತೆರೆದು ನಿಂತಿದ್ದೆ. ಅವರು ನನ್ನ ಭುಜ ಮುಟ್ಟಿದ್ದನ್ನು ನೆನಪಿಟ್ಟುಕೊಂಡೇ ಹಾಗೆ ಹೇಳಿದರೋ, ನಿಜವಾಗಿಯೂ ತಮ್ಮದೇ ಸರದಿ ಎಂದುಕೊಂಡು ಉಳಿದ ವರ್ಷಗಳನ್ನೆಲ್ಲ ಆ ತಪ್ಪಿನ ಜೊತೆ ಕಳೆದರೋ… ಕೇಳಬಹುದಾಗಿದ್ದ ಕಾಲದಲ್ಲಿ ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.