ಸಂಕಟಕ್ಕೆ ಎರಡು ಅರ್ಥ

ಒಣದ್ರಾಕ್ಷಿಯ ಡಬ್ಬಿಗೆ ಮೊಬೈಲನ್ನು ಒರಗಿಸಿ, ಅದರೆದುರು ಬಟಾಣಿ ಸುಲಿಯುತ್ತ ಕುಳಿತು, ಇಲ್ಲದ ರೋಗಗಳನ್ನು ನಟಿಸುವುದು ಮಿರಜದ ಹತ್ತಿರದ ವಿಶ್ರಾಮಬಾಗದ ನಮ್ಮ ಮನೆಯ ಭಾನುವಾರದ ಕಾರ್ಯಕ್ರಮವಾಗಿ ಎರಡು ತಿಂಗಳಾಯಿತು. ಮಗಳು ಮುಕ್ತಾ ಮಿರಜದಲ್ಲಿ ವೈದ್ಯಕೀಯ ಓದುತ್ತಾಳೆ. ರೋಗಿಯನ್ನು ವಿಚಾರಿಸುವ ಬಗೆಯನ್ನು ಅವಳಿಗೆ ಕಲಿಸುವುದು ಮೊಬೈಲಿನ ಎಐ. ಅವಳು ಪಕ್ಕದಲ್ಲೇ ಕೂತು ಕೇಳುತ್ತಾಳೆ, ನಾನು ಹೇಳುತ್ತೇನೆ, ಇಬ್ಬರ ಮಾತನ್ನೂ ಆಲಿಸಿದ ಮೊಬೈಲು ಅವಳ ಹೆಸರು ಹಿಡಿದು ಸರಿತಪ್ಪುಗಳನ್ನು ಆ ಕ್ಷಣವೇ ಬರೆದು ತೋರಿಸುತ್ತದೆ. ಮರಾಠಿ ಶಾಲೆಯ ಮಕ್ಕಳ ವಹಿಗಳಲ್ಲಿ ‘ಛಾನ್’ ಎಂಬ ಶಹಬ್ಬಾಸು, ‘ಇನ್ನೂ ಪ್ರಯತ್ನಿಸು’ ಎಂಬ ಬುದ್ಧಿವಾದ, ಈ ಎರಡೇ ಷರಾ ಬರೆದು ನಿವೃತ್ತಳಾದ ನನಗೆ ಈ ಹೊಸ ಮೇಷ್ಟ್ರ ಹುಮ್ಮಸ್ಸು ಕಂಡು ನಗು ಬರುತ್ತಿತ್ತು.

ಮಿರಜಕ್ಕೆ ಬರುವ ರೋಗಿಗಳಲ್ಲಿ ಕನ್ನಡದವರು ಬಹಳ. ಈ ಸಲ ಕನ್ನಡದಲ್ಲೇ ಆಗಲಿ ಎಂದಳು ಮುಕ್ತಾ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಅವಳ ಕನ್ನಡ ಕಿವಿಯಲ್ಲಿದೆಯೇ ಹೊರತು ನಾಲಿಗೆಗೆ ಇಳಿದಿಲ್ಲ. ಶಾಲೆಯಲ್ಲಿ ಹಿಂದೆ ಬೀಳದಿರಲೆಂದು ಅವಳೊಡನೆ ಮರಾಠಿಯನ್ನೇ ಆಡಿದವಳು ನಾನೇ. ಹೊಸ ರೋಗ ಹುಡುಕುವ ಬೇಸರಕ್ಕೆ ಬಾಯಿಗೆ ಬಂದದ್ದನ್ನು ಹೇಳಿದೆ: “ಪಾವಟಿಗಿ ಹತ್ತೂಮುಂದ ಸಂಕಟ ಆಗತೈತ್ರಿ ಡಾಕ್ಟರ. ನಿಂತ್ರ ಕಡಿಮಿ ಆಗತೈತಿ.”

ಅವಳು ಕರಗಿಹೋದಳು. “ಸಂಕಟ ಎಲ್ಲಾರಿಗೂ ಬರತಾವ್ರಿ ಮಾವಶಿ. ಮನ್ಯಾಗ ಯಾರರೆ ತ್ರಾಸ ಕೊಡತಾರೇನ್ರಿ?”

ಮರಾಠಿಯ ಸಂಕಟ ಸಂಸಾರದ ಮೇಲೆ ಬಂದೆರಗುವ ವಿಪತ್ತು. ನಮ್ಮ ಕನ್ನಡದ್ದು ಎದೆಹೊಟ್ಟೆಗಳಲ್ಲಿ ಕೂತು ಹಿಂಡುವ ಬಾಧೆ. ತಿದ್ದಬೇಕಿತ್ತು. ನಾನೋ ನಗು ನುಂಗಿಕೊಂಡು, ಎಂದೋ ತೀರಿಕೊಂಡ ಅತ್ತೆಯ ಮೇಲೆ ನಾಲ್ಕು ದೂರು ಹೇಳಿ ಆಟ ಮುಗಿಸಿದೆ.

ಮೊಬೈಲು ಬರೆದದ್ದನ್ನು ಮುಕ್ತಾ ಓದಿ ಹೇಳಿದಳು. ನಿನ್ನ ಮಾತಿನಲ್ಲಿ ಮರುಕವಿದೆ ಮುಕ್ತಾ, ಆದರೆ ರೋಗಿ ಹೇಳಿದ್ದು ಮನೆಯ ತೊಂದರೆಯಲ್ಲ, ಮೈಯ ಬಾಧೆ. ಮೆಟ್ಟಿಲು ಹತ್ತುವಾಗ ಬಂದು ನಿಂತಾಗ ಇಳಿಯುವ ಬಾಧೆ ಹೃದಯದ್ದಿರಬಹುದು. ಅದು ಎಲ್ಲಿ ಆಗುತ್ತದೆಂದು ನೀನು ಕೇಳಲೇ ಇಲ್ಲ.

ನಾನು ದಂಗಾದೆ. ಹೆತ್ತ ಮಗಳಿಗೆ ತಾಯಿಯ ಮಾತಿನ ಅರ್ಥವನ್ನು ಯಂತ್ರ ಹೇಳಿಕೊಡುವ ಕಾಲ ಬಂತೇ ಎಂದು ನಾಚಿಕೆಯಾಯಿತು. ನಾಳೆ ಅಥಣಿಯ ಕಡೆಯ ಯಾವಳೋ ಹೆಣ್ಣುಮಗಳು ಇದೇ ಮಾತು ಹೇಳಿ, ಇದೇ ಸಮಾಧಾನ ಕಟ್ಟಿಕೊಂಡು ರೈಲು ಹತ್ತಿ ಹೋದರೆ ಎಂದು ನೆನೆದು ಬಟಾಣಿಯ ತಟ್ಟೆಯನ್ನು ಬದಿಗಿಟ್ಟೆ. ಆದರೆ ನಿಜವಾದ ಆಘಾತ ಅದಾಗಿರಲಿಲ್ಲ. ಆ ರೋಗ ನಾನು ಕಟ್ಟಿದ್ದೇ ಅಲ್ಲ. ದೀಪಾವಳಿಯಿಂದೀಚೆ ನಮ್ಮ ಮೂರನೆಯ ಮಹಡಿಗೆ ನಾನು ನಿಂತು ನಿಂತು ಹತ್ತುತ್ತಿದ್ದೇನೆ; ಪಿತ್ತ, ವಯಸ್ಸು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳದ್ದನ್ನು ನಾಟಕದ ನೆಪದಲ್ಲಿ ಆಡಿಬಿಟ್ಟಿದ್ದೆ, ಅದನ್ನು ಕೇಳಿಸಿಕೊಂಡದ್ದು ಒಂದು ಮೊಬೈಲು.

ಮುಕ್ತಾಳ ಮುಖ ಬಿಳಿಚಿಕೊಂಡಿತ್ತು. “ಆಯಿ, ನಾಟಕ ಹೌದಲ್ಲ?” ಎಂದಳು. ನಾನು ಕೆಳಗೆ ಬಿದ್ದ ಸಿಪ್ಪೆಗಳನ್ನು ಆಯತೊಡಗಿದೆ. ಅವಳು ಮರಾಠಿಗೆ ಹೊರಳಲಿಲ್ಲ, ತಡವರಿಸುತ್ತ, ಒಂದೊಂದೇ ಶಬ್ದ ಹುಡುಕುತ್ತ ಕೇಳಿದಳು: “ಖರೇ ಹೇಳ. ಸಂಕಟ... ಎಲ್ಲಿ ಆಗತೈತಿ?”

ನಾನು ಅವಳ ಕೈ ಎತ್ತಿ ನನ್ನ ಎದೆಯ ನಡುವೆ ಇಟ್ಟುಕೊಂಡೆ.