ಕಾಣದೆ ಹೋದ ಬಿಳಿ ಗೆರೆ

ಮೂರು ಸಲ ನಲ್ಲಿ ನೀರು, ಒಂದು ಸಲ ಬಟ್ಟಿ ಇಳಿಸಿದ ನೀರು, ಆಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆ. ಕೆಂಚಪ್ಪ ಹದಿನೇಳನೆಯ ಗಾಜಿನ ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಮೂಲೆಯಲ್ಲಿ ಸೋಪಿನ ಮಬ್ಬು. ಮತ್ತೆ ಮೊದಲಿನಿಂದ ತೊಳೆಯುತ್ತಾರೆ. ಬೆಳಗಿನ ಆರೂಕಾಲು, ಚಾಮರಾಜಪೇಟೆಯ ಆಸ್ಪತ್ರೆಯೊಂದರ ಹಿತ್ತಲಿಗೆ ಅಂಟಿಕೊಂಡ ಈ ಪ್ರಯೋಗಾಲಯಕ್ಕೆ ಇನ್ನೂ ಯಾರೂ ಬಂದಿಲ್ಲ.

"ಸೋಪು ಉಳೀತು ಅಂದ್ರೆ ಜೆಲ್ಲಿ ಹರಿದ್ಹೋಗುತ್ತೆ. ಆಮೇಲೆ ದೊಡ್ಡವರೆಲ್ಲ ಸೇರ್ಕೊಂಡು ಮಿಷಿನ್ನಿಗೆ ಬೈತಾರೆ," ಎನ್ನುತ್ತಾರೆ.

ಓಕಳಿಪುರಂನ ರೈಲು ಹಳಿ ಪಕ್ಕದ ಮನೆಯಿಂದ ನಡೆದೇ ಬರುವ ಕೆಂಚಪ್ಪನವರಿಗೆ ಈಗ ಐವತ್ತೇಳು. ಓದಿದ್ದು ಏಳನೆಯ ಕ್ಲಾಸು. ಹರೆಯದಲ್ಲಿ ಬಳೇಪೇಟೆಯಲ್ಲಿ ಮೂಟೆ ಹೊತ್ತರು. ೧೯೮೧ರಿಂದ ಇಲ್ಲಿ ಅಟೆಂಡರ್. ದಿನಕ್ಕೆ ನಲವತ್ತು ಹಲಗೆ, ನೂರಿಪ್ಪತ್ತು ಬಾಟಲಿ, ಎಣಿಸಲಾರದಷ್ಟು ಕೊಳವೆ. ದ್ರಾವಣ ಬೆರೆಸುವವರೂ ಅವರೇ. ಇಲ್ಲಿಂದ ಹೊರಬಿದ್ದ ಹನ್ನೊಂದು ಪ್ರಬಂಧಗಳಲ್ಲಿ ಒಂದರಲ್ಲೂ ಅವರ ಹೆಸರಿಲ್ಲ.

ಇಲ್ಲಿ ಪರೀಕ್ಷಿಸುವುದು ನಮ್ಮ ಮೈಯೊಳಗಿನ ಕತ್ತರಿಗಳನ್ನು. ಅವುಗಳ ಪೂರ್ತಿ ಹೆಸರು ಮ್ಯಾಟ್ರಿಕ್ಸ್ ಮೆಟಲೋಪ್ರೋಟಿನೇಸ್. ಇಲ್ಲಿಯವರ ಬಾಯಲ್ಲಿ ಎಂಎಂಪಿ. ಮಾಂಸ ನಿಂತಿರುವುದು ಒಂದು ನಾರಿನ ಬಲೆಯ ಮೇಲೆ. ಹಳೆಯ ನಾರು ಕತ್ತರಿಸಿ ಹೊಸದಕ್ಕೆ ಜಾಗ ಮಾಡುವುದು ಈ ಕಿಣ್ವಗಳ ಕೆಲಸ. ಗೊದಮೊಟ್ಟೆಯ ಬಾಲ ಕರಗುವುದಕ್ಕೆ, ಹೆರಿಗೆಯಾದ ಮೇಲೆ ಗರ್ಭಕೋಶ ಕುಗ್ಗುವುದಕ್ಕೆ, ಗಾಯ ಮಾಯುವುದಕ್ಕೆ ಇವು ಬೇಕೇ ಬೇಕು. ಕೆಲಸ ಮುಗಿದ ಮೇಲೆ ಇವನ್ನು ತಡೆದು ನಿಲ್ಲಿಸುವ ಪ್ರೋಟೀನುಗಳೂ ಮೈಯಲ್ಲೇ ಇವೆ. ಆ ತಡೆ ಸೋತರೆ ಕೀಲಿನ ಮೆದುಮೂಳೆ ಸವೆಯುತ್ತದೆ, ಕ್ಯಾನ್ಸರ್ ಗಡ್ಡೆ ಹರಡಲು ದಾರಿ ಸಿಗುತ್ತದೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತಿಂಗಳುಗಟ್ಟಲೆ ಬಾಯಿ ತೆರೆದೇ ಇರುತ್ತದೆ. "ಹೊಲಿಯೋನು ಇಲ್ದಿರೋ ಅಂಗ್ಡೀಲಿ ಬರೀ ಕತ್ರಿ ಓಡಾಡ್ದಂಗೆ," ಎಂದು ಕೆಂಚಪ್ಪ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಪರೀಕ್ಷೆ ಹೀಗೆ: ಎರಡು ಗಾಜಿನ ಹಲಗೆಗಳ ನಡುವೆ ಎರೆದ, ಜೆಲಟಿನ್ ಬೆರೆಸಿದ ತೆಳು ಜೆಲ್ಲಿಯಲ್ಲಿ ಹುಣ್ಣಿನ ರಸವನ್ನು ಹರಿಸಿ, ದ್ರಾವಣದಲ್ಲಿ ಬೆಚ್ಚಗೆ ನೆನೆಸಿಟ್ಟು, ನೀಲಿ ಬಣ್ಣ ಹಾಕುತ್ತಾರೆ. ಎಂಎಂಪಿ ಜೆಲಟಿನ್ ತಿಂದ ಕಡೆ ಬಿಳಿ ಗೆರೆ ಮೂಡುತ್ತದೆ. ಈ ಕತ್ತರಿಗಳು ನಡೆಯಬೇಕಾದರೆ ಸತು, ಕ್ಯಾಲ್ಸಿಯಂ ಬೇಕು. ಅದಕ್ಕೇ ದ್ರಾವಣದ ಬಾಟಲಿ ಎರಡು. ನೀಲಿ ಮುಚ್ಚಳದ್ದರಲ್ಲಿ ಕ್ಯಾಲ್ಸಿಯಂ. ಕೆಂಪು ಮುಚ್ಚಳದ್ದರಲ್ಲಿ ಇಡಿಟಿಎ. ಅದು ಲೋಹವನ್ನು ಹಿಡಿದಿಟ್ಟು ಕತ್ತರಿಯನ್ನೇ ನಿಲ್ಲಿಸುತ್ತದೆ, ಮೂಡಿದ ಗೆರೆ ಎಂಎಂಪಿಯದೇ ಎಂದು ತಾಳೆ ನೋಡಲು ಮಾತ್ರ ಬಳಕೆ. ಆಗ ಗುರುತೆಲ್ಲ ಮುಚ್ಚಳದಲ್ಲಿ; ಬಾಟಲಿಯ ಮೇಲೆ ಒಂದಕ್ಷರವೂ ಇರಲಿಲ್ಲ.

೨೦೦೦ದ ಆಯುಧಪೂಜೆಗೆ ಕೆಂಚಪ್ಪ ಪ್ರತಿ ವರ್ಷದಂತೆ ಇಡೀ ಪ್ರಯೋಗಾಲಯ ತೊಳೆದರು. ಮುಚ್ಚಳಗಳನ್ನೆಲ್ಲ ಬಕೆಟ್ಟಿಗೆ ಹಾಕಿ ಉಜ್ಜಿ, ಒಣಗಿಸಿ, ಬಾಟಲಿಗಳಿಗೆ ವಿಭೂತಿ ಕುಂಕುಮ ಇಟ್ಟು ಮುಚ್ಚಿದರು. ನೀಲಿ, ಕೆಂಪು ಅದಲುಬದಲಾದವು.

ಮರುವಾರವೇ ಹೊಸ ಮುಲಾಮು ಹಚ್ಚಿಸಿಕೊಂಡ ರೋಗಿಗಳ ಹುಣ್ಣಿನ ರಸ ಪರೀಕ್ಷೆಗೆ ಬಂತು. ಸಮ್ಮೇಳನದ ಗಡುವು ಹತ್ತಿರವಾಗಿತ್ತು. ಸಂಶೋಧಕರು ತಾಳೆ ನೋಡುವುದನ್ನು ಬಿಟ್ಟರು. ಜೆಲ್ಲಿ ಪೂರ್ತಿ ನೀಲಿ, ಒಂದು ಗೆರೆಯೂ ಇಲ್ಲ. ಮುಲಾಮು ಎಂಎಂಪಿಯನ್ನು ಅಡಗಿಸಿತೆಂದು ಕೈ ಕುಲುಕಿಕೊಂಡರು.

ಹತ್ತು ದಿನ ಕಳೆದ ಮೇಲೆ ಕತ್ತು ಒಡೆದ ಬಾಟಲಿಯೊಂದು ಕೆಂಚಪ್ಪನವರ ಕೈಗೆ ಸಿಕ್ಕಿತು. ಆ ಒಡಕು ಅವರಿಗೆ ನೆನಪಿತ್ತು, ಅದರಲ್ಲಿ ಇಡಿಟಿಎ ತುಂಬಿದ್ದು ಅವರೇ. ಮುಚ್ಚಳ ಮಾತ್ರ ನೀಲಿ. ನೇರ ಹೋಗಿ ಮುಖ್ಯಸ್ಥ ಡಾಕ್ಟರ್ ಸಂಕರ್ಷಣ ಅವರಿಗೆ ಹೇಳಿದರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ.

"ಪೇಪರ್ ಹೋಗ್ಬಿಟ್ಟಿದೆ, ಕೆಂಚಪ್ಪ. ಪೂಜೆ ಮಾಡಿದ್ದು ನೀವು. ಅದನ್ನ ನೆನಪಿಟ್ಕೊಳ್ಳಿ."

ನೆನಪಿಟ್ಟುಕೊಂಡರು. ಅದೇ ವಾರ ಆಸ್ಪತ್ರೆಯ ಮೇಲ್ವಿಚಾರಣಾ ಸಮಿತಿಗೆ ಕನ್ನಡದಲ್ಲಿ ಎರಡು ಪುಟದ ಕಾಗದ ಬರೆದರು. ಮಡಿಸಿ ಟ್ರಂಕಿನ ತಳಕ್ಕೆ ಸೇರಿಸಿದರು. ಕೆಲಸದ ಭಯ ಒಂದು ಕಡೆ, ತಪ್ಪು ತನ್ನ ಕೈಯದೇ ಎಂಬ ನಾಚಿಕೆ ಇನ್ನೊಂದು ಕಡೆ. ನಾಲ್ಕು ವರ್ಷ ಕಾಗದ ಅಲ್ಲೇ ಇತ್ತು, ಮುಲಾಮು ವಾರ್ಡು ಸೇರಿತು. ಸತ್ತ ಮಾಂಸ ಕೆರೆದು, ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕಾದ ಹುಣ್ಣುಗಳು ಮುಲಾಮನ್ನು ನಂಬಿ ಕಾದು ಕುಳಿತವು.

ಹಾಗೆ ಕಾದವರಲ್ಲಿ ಲಕ್ಷ್ಮೀದೇವಮ್ಮ ಒಬ್ಬರು. ಬಳೇಪೇಟೆಯ ಅಂಗಡಿಯಲ್ಲಿ ನಿಂತು ಬಳೆ ಜೋಡಿಸುವ ಕೆಲಸ. ಈ ಜನವರಿಯಲ್ಲಿ ಅವರ ಬಲಗಾಲಿನ ಎರಡು ಬೆರಳು ತೆಗೆದರು. ಮಂಗಳವಾರದ ಡ್ರೆಸ್ಸಿಂಗ್ ಸಾಲಿನಲ್ಲಿ ಕೂತು ಕೆಂಚಪ್ಪನವರನ್ನು ಕಂಡರೆ ಸುಮ್ಮನೆ ಬಿಡುವುದಿಲ್ಲ.

"ಏನ್ ಕೆಂಚಪ್ಪಣ್ಣ, ನಿಮ್ಮ ಮುಲಾಮು ನಂಗೆ ಮೂರು ಬೆರಳು ಉಳ್ಸಿಕೊಡ್ತು ನೋಡಿ. ಹಚ್ದೇ ಇದ್ದಿದ್ರೆ ಐದೂ ಇರೋವೇನೋ."

ಸಾಲಿನಲ್ಲಿದ್ದವರು ನಕ್ಕರು. ಕೆಂಚಪ್ಪ ನಗಲಿಲ್ಲ. ಬೆರಳು ಹೋದದ್ದು ಮುಲಾಮಿನಿಂದಲೇ ಎಂದು ಅವರು ಎಲ್ಲೂ ಹೇಳುವುದಿಲ್ಲ. ಅದು ಕೆಲಸ ಮಾಡುತ್ತದೆ ಎನ್ನಲು ಸಾಕ್ಷಿಯಿಲ್ಲ, ಅಷ್ಟೇ ಎನ್ನುತ್ತಾರೆ. ಕಳೆದ ಮಂಗಳವಾರ ಲಕ್ಷ್ಮೀದೇವಮ್ಮ ಎಡಗಾಲನ್ನು ಮುಂದೆ ಚಾಚಿದರು. ಹಿಮ್ಮಡಿಯಲ್ಲಿ ರೂಪಾಯಿಯಗಲ ಹೊಸ ಹುಣ್ಣು. ಇದಕ್ಕೂ ಅದನ್ನೇ ಹಚ್ಚುತ್ತಾರಂತೆ ಎಂದರು. ಬರುವ ಒಂದನೇ ತಾರೀಖಿನಿಂದ ಕಾಲುಹುಣ್ಣಿನ ಅರವತ್ತು ಮಂದಿಗೂ ಅದೇ ಎಂಬ ನೋಟೀಸು ಗೋಡೆಯ ಮೇಲಿತ್ತು.

ಇವತ್ತು ಕೊನೆಯ ಹಲಗೆ ಒರೆಸಿಟ್ಟು ಕೆಂಚಪ್ಪ ಅಂಚೆ ಕಚೇರಿಗೆ ಹೊರಡುತ್ತಾರೆ. ಹಳೆಯ ಕಾಗದಕ್ಕೆ ಒಂದೇ ಸಾಲು ಸೇರಿಸಿದ್ದಾರೆ: ಆ ರಸ ಇನ್ನೂ ಫ್ರೀಜರಿನಲ್ಲಿದೆ.

"ತಪ್ಪು ನಂದೇ ಅಂತ ಬರ್ದಿದೀನಿ. ಇನ್ನೊಂದ್ಸಲ ಮಾಡಿ ನೋಡ್ಲಿ. ಗೆರೆ ಬರ್ದೇ ಇದ್ರೆ ನನ್ನಷ್ಟು ಖುಷಿ ಪಡೋರು ಯಾರೂ ಇರಲ್ಲ."

ಕೌಂಟರಿನ ಗುಮಾಸ್ತ ನಂಜುಂಡಯ್ಯ ವಿಳಾಸ ಓದಿ ತಲೆ ಎತ್ತುತ್ತಾರೆ. ಆಸ್ಪತ್ರೆ ಇಲ್ಲೇ ಮುಂದಿನ ರಸ್ತೆಯಲ್ಲಿದೆಯಲ್ಲ, ಕೈಯಲ್ಲೇ ಕೊಡಬಾರದೇ ಎಂದು ಕೇಳುತ್ತಾರೆ.

"ಕೈಯಲ್ಲಿ ಕೊಟ್ರೆ ಬರ್ಲೇ ಇಲ್ಲ ಅಂದ್ಬಿಡ್ತಾರೆ, ಸ್ವಾಮಿ. ರಿಜಿಸ್ಟರ್ ಮಾಡಿ."

ನಂಜುಂಡಯ್ಯ ಮುದ್ರೆ ಒತ್ತುತ್ತಾರೆ.